ಲೆಮನ್ ಫ್ರಾಸ್ಟ್ ಗೆಕ್ಕೊದ ಹೊಟ್ಟೆಯ ಮೇಲಿನ ಬಿಳಿ ಗಂಟುಗಳು: ಬಣ್ಣಕ್ಕೂ ಗಂಟಿಗೂ ಇರುವ ನಂಟು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಎರಡು ವರ್ಷದ ಹಿಂದೆ ಲೆಪರ್ಡ್ ಗೆಕ್ಕೊ ಜಾತಿಯ ಒಂದು ಹಲ್ಲಿಮರಿಯನ್ನು ತಂದ. ‘ಲೆಮನ್ ಫ್ರಾಸ್ಟ್’ ಎಂಬ ಅಪರೂಪದ ಬಣ್ಣದ ಹೆಣ್ಣು ಎಂದು ಹೇಳಿ ಮಾರಿದವರು ಬಹಳ ಹೆಚ್ಚಿನ ಬೆಲೆ ತೆಗೆದುಕೊಂಡರಂತೆ. ಮಗ ಈಗ ಕೆಲಸದ ಮೇಲೆ ಹೊರರಾಜ್ಯದಲ್ಲಿರುವುದರಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಯುಗಾದಿಯ ಹೊತ್ತಿಗೆ ಅದರ ಹೊಟ್ಟೆಯಡಿ ಎರಡು ಬಿಳಿ ಗಂಟು ಕಂಡವು. ಈಗ ಆರಾಗಿವೆ, ಒಂದು ಕಣ್ಣಿನ ರೆಪ್ಪೆಯ ಅಂಚಿನಲ್ಲಿದೆ. ಮಳೆ ಹಿಡಿದ ಮೇಲೆ ಮೈಬಣ್ಣವೂ ಮಂಕಾಗಿದೆ. ಹುಳು ತಿನ್ನುತ್ತದೆ, ತೂಕ 58 ಗ್ರಾಂ. ಅಂಗಡಿಯವರು ಕೊಬ್ಬಿನ ಗಂಟು ಎಂದರು. ನಮ್ಮ ಅತ್ತೆಯವರು ಇದು ತೊನ್ನು, ಹಲ್ಲಿ ಎಂದರೆ ವಿಷ, ಮೂರು ವರ್ಷದ ಮೊಮ್ಮಗಳಿರುವ ಮನೆಯಲ್ಲಿ ಬೇಡವೇ ಬೇಡ ಎನ್ನುತ್ತಾರೆ. ಮಗನಿಗೆ ಸ್ನೇಹಿತನ ಬಳಿ ಇರುವ ‘ಟ್ರೆಂಪರ್ ಆಲ್ಬಿನೋ’ ಗಂಡಿನೊಂದಿಗೆ ಕೂಡಿಸಿ ಮರಿ ಮಾಡಿಸುವ ಆಸೆ. ಗಂಟುಗಳನ್ನು ತೆಗೆಸಬಹುದೇ? ಮರಿಗಳಿಗೂ ಬರುತ್ತದೆಯೇ?

ಉತ್ತರ: ಒಂದು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿಟ್ಟು ತೆಗೆದ ನಿಮ್ಮ ಚಿತ್ರಗಳು ಬಹಳ ಉಪಯೋಗಕ್ಕೆ ಬಂದವು. ಸಾಕುಪ್ರಾಣಿಯ ಗಂಟಿನ ಚಿತ್ರವನ್ನು ಅಳತೆಗೆ ಸಿಗುವಂತೆ ತೆಗೆದು ಕಳುಹಿಸುವವರು ಕಡಿಮೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಹೊಟ್ಟೆಯಡಿಯ ಗಂಟುಗಳು ಸಿಪ್ಪೆ ತೆಗೆದ ಉದ್ದಿನಬೇಳೆಯನ್ನು ಚರ್ಮದ ಕೆಳಗೆ ಇಟ್ಟಂತೆ ಕಾಣುತ್ತವೆ. ಅಂಚು ಸ್ಪಷ್ಟವಾಗಿದೆ, ಮೇಲ್ಮೈ ಸ್ವಲ್ಪ ಒರಟಾಗಿದೆ, ಬಣ್ಣ ಗೋಡೆಗೆ ಬಳಿದ ಸುಣ್ಣದಷ್ಟು ಅಚ್ಚ ಬಿಳಿ. ಚಿತ್ರ ನೋಡಿ ಅಂತಿಮ ರೋಗನಿರ್ಣಯ ಮಾಡಲು ಬರುವುದಿಲ್ಲ. ಆದರೆ ಲೆಮನ್ ಫ್ರಾಸ್ಟ್ ಎಂಬ ತಳಿ, ಎರಡು ವರ್ಷದ ವಯಸ್ಸು ಮತ್ತು ಈ ಅಚ್ಚ ಬಿಳುಪು ಮೂರೂ ಸೇರಿದಾಗ ನನ್ನ ಅನುಮಾನ ಮೊದಲು ಹೋಗುವುದು ಇರಿಡೊಫೊರೋಮಾ ಎಂಬ ಗಡ್ಡೆಯ ಕಡೆಗೆ. ಇದು ಬಿಳಿ ವರ್ಣಕೋಶಗಳು ಮಿತಿಯಿಲ್ಲದೆ ಬೆಳೆದು ಆಗುವ ಗಡ್ಡೆ.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ: ಇದು ಮಗುವಿಗೆ ಅಂಟುತ್ತದೆಯೇ ಎಂಬುದು ಒಂದು, ಇದನ್ನು ತೆಗೆದುಹಾಕಿ ಮುಗಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸರಳ, ಅಂಟುವುದಿಲ್ಲ. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಕಣ್ಣಿಗೆ ಕಾಣುವ ಗಂಟನ್ನು ತೆಗೆಯಬಹುದು, ಗಂಟು ಹುಟ್ಟಿಸುವ ಗುಣವನ್ನು ತೆಗೆಯಲಾಗದು. ಏಕೆಂದರೆ ಆ ಗುಣವೂ, ನಿಮ್ಮ ಮಗ ಮೆಚ್ಚಿ ತಂದ ನಿಂಬೆ ಬಣ್ಣವೂ ಒಂದೇ ಮೂಲದಿಂದ ಬಂದವು.

ಮೊದಲು ಅತ್ತೆಯವರ ಮಾತಿಗೆ ಬರುತ್ತೇನೆ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಹಲ್ಲಿಪತನದ ಫಲ ನೋಡುವ, ಕಂಚಿಯ ಹಲ್ಲಿಯನ್ನು ಮುಟ್ಟಿ ಬಂದವರಿಗೆ ದೋಷವಿಲ್ಲ ಎಂದು ನಂಬುವ ಮನೆಗಳಲ್ಲಿ ಈ ಭಯ ಸಹಜವಾಗಿಯೇ ಇರುತ್ತದೆ. ಲೆಪರ್ಡ್ ಗೆಕ್ಕೊಗಾಗಲಿ, ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಗಾಗಲಿ ವಿಷವಿಲ್ಲ. ತೊನ್ನಂತೂ ಇದಕ್ಕೆ ತೀರ ವಿರುದ್ಧವಾದ ಸ್ಥಿತಿ. ತೊನ್ನಿನಲ್ಲಿ ಕಪ್ಪು ವರ್ಣಕೋಶಗಳು ನಾಶವಾಗಿ ಚರ್ಮ ಬೆಳ್ಳಗಾಗುತ್ತದೆ, ಇಲ್ಲಿ ಬಿಳಿ ವರ್ಣಕೋಶಗಳೇ ಅತಿಯಾಗಿ ಹೆಚ್ಚಿವೆ. ಆದರೂ ಸಣ್ಣ ಮಗುವಿರುವ ಮನೆಯಲ್ಲಿ ಎಚ್ಚರ ಬೇಕು ಎಂಬ ಅವರ ಮಾತಿನಲ್ಲಿ ಒಂದು ನಿಜವಿದೆ. ಗಂಟು ಇರಲಿ ಇಲ್ಲದಿರಲಿ, ಆರೋಗ್ಯವಾಗಿ ಕಾಣುವ ಸರೀಸೃಪದ ಕರುಳಿನಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ತೀವ್ರವಾದ ಭೇದಿ, ಜ್ವರ ಬರಬಹುದು. ಆದುದರಿಂದ ಮೊಮ್ಮಗಳು ಅದನ್ನು ಮುಟ್ಟದೆ ದೂರದಿಂದಲೇ ನೋಡಲಿ. ಪೆಟ್ಟಿಗೆಯ ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹಲ್ಲಿಯನ್ನು ಹಿಡಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಿರಿ. ಇಷ್ಟು ಪಾಲಿಸಿದರೆ ಅತ್ತೆಯವರ ಆತಂಕಕ್ಕೆ ನ್ಯಾಯ ಸಲ್ಲಿಸಿದಂತಾಗುತ್ತದೆ.

ಕೊಬ್ಬಿನ ಗಂಟು ಎಂಬ ಅಂಗಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಲೆಪರ್ಡ್ ಗೆಕ್ಕೊ ತನ್ನ ಕೊಬ್ಬನ್ನು ಮುಖ್ಯವಾಗಿ ಬಾಲದಲ್ಲಿ ಕೂಡಿಡುತ್ತದೆ. ಅತಿಯಾಗಿ ತಿಂದಾಗ ಮುಂಗಾಲಿನ ಕಂಕುಳಲ್ಲಿ ಮೆತ್ತನೆಯ ಗುಳ್ಳೆಯಂಥ ಉಬ್ಬು ಬರುವುದುಂಟು, ಆದರೆ ಅದು ಒತ್ತಿದರೆ ಜಾರುತ್ತದೆ ಮತ್ತು ಅಚ್ಚ ಬಿಳಿಯಾಗಿರುವುದಿಲ್ಲ. ಹಾಗೆಂದು ಬಿಳಿಯಾಗಿ ಕಂಡದ್ದೆಲ್ಲ ಗಡ್ಡೆಯೂ ಅಲ್ಲ. ಹೊಸನಗರದ ಕಡೆಯ ಹುಡುಗನೊಬ್ಬ ತನ್ನ ಗೆಕ್ಕೊದ ಹೊಟ್ಟೆಯಲ್ಲಿ ಎರಡು ಗಡ್ಡೆಗಳಿವೆ ಎಂದು ಅಳುತ್ತಾ ತಂದಿದ್ದ. ಹೊಟ್ಟೆಗೆ ಕೆಳಗಿನಿಂದ ಟಾರ್ಚ್ ಬೆಳಕು ಹಿಡಿದಾಗ ತೆಳು ಚರ್ಮದೊಳಗೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಎರಡು ಮೊಟ್ಟೆಗಳು ಮಸುಕಾಗಿ ಕಂಡವು. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಗೆಕ್ಕೊ ಮೊಟ್ಟೆ ಕಟ್ಟುತ್ತದೆ ಎಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ಇನ್ನು ಕೀವಿನ ಗಂಟು. ಸರೀಸೃಪಗಳ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಟ್ಟಿಯಾದ ಗಿಣ್ಣಿನಂತೆ ಒಂದೆಡೆ ಕೂಡಿಕೊಳ್ಳುತ್ತದೆ. ಹೀಗಾಗಿ ಅದೂ ಗಡ್ಡೆಯಂತೆಯೇ ಕೈಗೆ ಸಿಗುತ್ತದೆ. ವೃತ್ತಿಯ ಆರಂಭದ ದಿನಗಳಲ್ಲಿ ಇಂಥದೇ ಒಂದು ಬಿಳಿ ಗಂಟನ್ನು ನಾನು ಕೀವೆಂದು ತಿಳಿದು ಮೂರು ವಾರ ಆಂಟಿಬಯಾಟಿಕ್ ಕೊಟ್ಟೆ. ಆ ಮೂರು ವಾರವೂ ಗಡ್ಡೆ ಬೆಳೆಯುತ್ತಲೇ ಇತ್ತು. ಅಂದಿನಿಂದ ಸೂಜಿ ಹಾಕಿ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ, ಅಥವಾ ಸಣ್ಣ ತುಂಡನ್ನು ಬಯಾಪ್ಸಿಗೆ ಕಳುಹಿಸದೆ, ಬಿಳಿ ಗಂಟಿಗೆ ಔಷಧಿ ಬರೆಯುವುದನ್ನು ಬಿಟ್ಟಿದ್ದೇನೆ. ಪೆಟ್ಟಿಗೆಯಡಿ ಇಡುವ ಹೀಟ್ ಮ್ಯಾಟ್‌ಗೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆಯ ಚರ್ಮ ಸುಟ್ಟು ಬೆಳ್ಳಗೆ ಗಡುಸಾಗುವುದೂ ಉಂಟು. ನಿಮ್ಮಲ್ಲಿ ಥರ್ಮೋಸ್ಟಾಟ್ ಇದೆಯೇ ಎಂಬುದನ್ನು ನೀವು ಬರೆದಿಲ್ಲ, ದಯವಿಟ್ಟು ಇವತ್ತೇ ನೋಡಿ.

ಈಗ ಬಣ್ಣದ ವಿಚಾರ. ಮಲೆನಾಡಿನವರಾದ ನಿಮಗೆ ಅಡಿಕೆ ಬೇಯಿಸಿ ಚೊಗರು ಕೊಡುವುದು ಗೊತ್ತೇ ಇದೆ. ಅಲ್ಲಿ ಬಣ್ಣ ಹೊರಗಿನಿಂದ ಅಡಿಕೆಗೆ ಹತ್ತುತ್ತದೆ. ಹಲ್ಲಿಯ ಬಣ್ಣ ಹಾಗಲ್ಲ. ಅದು ಚರ್ಮದೊಳಗೆ ಪದರ ಪದರವಾಗಿ ಕುಳಿತ ಜೀವಂತ ಕೋಶಗಳ ಬಣ್ಣ. ಮೇಲಿನ ಪದರದಲ್ಲಿ ಹಳದಿಯ ಕೋಶಗಳು, ಅವುಗಳ ಕೆಳಗೆ ಗ್ವಾನಿನ್ ಎಂಬ ವಸ್ತುವಿನ ಸಣ್ಣ ಹರಳುಗಳನ್ನು ತುಂಬಿಕೊಂಡು ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಇರಿಡೊಫೋರ್ ಎಂಬ ಬಿಳಿ ಕೋಶಗಳು, ಎಲ್ಲಕ್ಕಿಂತ ಕೆಳಗೆ ಕಪ್ಪು ಬಣ್ಣದ ಮೆಲಾನಿನ್ ಇರುವ ಕೋಶಗಳು. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದಲ್ಲಿರುವ ಕಾಡು ಲೆಪರ್ಡ್ ಗೆಕ್ಕೊಗಳಲ್ಲಿ ಈ ಮೂರೂ ಹದವಾಗಿ ಬೆರೆತು ಹಳದಿಯ ಮೇಲೆ ಕಪ್ಪು ಚುಕ್ಕೆಯ ಮೈ ಬರುತ್ತದೆ. ಯಾವುದೋ ಒಂದು ಜೀನ್ ಬದಲಾಗಿ ಮೂರರಲ್ಲಿ ಒಂದು ಪದರ ಏರುಪೇರಾದಾಗ ಮಾರ್ಫ್ ಎಂದು ಕರೆಯುವ ಹೊಸ ಬಣ್ಣ ಹುಟ್ಟುತ್ತದೆ. ಆಲ್ಬಿನೋ ಎಂದರೆ ಕಪ್ಪು ಬಣ್ಣವೊಂದೇ ಇಲ್ಲವಾದದ್ದು. ಅದಕ್ಕಾಗಿಯೇ ಆಲ್ಬಿನೋ ಗೆಕ್ಕೊ ಇಲಿಯಂತೆ ಬಿಳಿಯಾಗಿರದೆ ಹಳದಿ, ಗುಲಾಬಿ ಬಣ್ಣದಲ್ಲಿರುತ್ತದೆ.

ಲೆಮನ್ ಫ್ರಾಸ್ಟ್ ಕಾಣಿಸಿಕೊಂಡದ್ದು 2015ರ ಸುಮಾರಿಗೆ, ಅಮೆರಿಕದ ತಳಿಗಾರರೊಬ್ಬರಲ್ಲಿ ಸಾಮಾನ್ಯ ಬಣ್ಣದ ತಂದೆತಾಯಿಗಳಿಗೆ ಹುಟ್ಟಿದ ಒಂದೇ ಒಂದು ಮರಿಯಲ್ಲಿ. ಅದರ ಬಿಳಿ ಕೋಶಗಳು ಹೆಚ್ಚಿದ್ದುದರಿಂದ ಹಳದಿಯ ಹಿಂದೆ ಬಿಳಿ ಕಾಗದ ಹಿಡಿದಂತಾಗಿ ಮೈ ನಿಂಬೆಹಣ್ಣಿನಂತೆ ಹೊಳೆಯಿತು. ಜನ ಮುಗಿಬಿದ್ದು ಕೊಂಡರು. ಕೆಲವೇ ವರ್ಷಗಳಲ್ಲಿ ಅದರ ಸಂತತಿಯಲ್ಲಿ ಬಿಳಿ ಗಂಟುಗಳು ಕಾಣತೊಡಗಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬಣ್ಣದ ಬೇರನ್ನು ಸ್ಪಿಂಟ್1 ಎಂಬ ಜೀನ್ ಇರುವ ಜಾಗಕ್ಕೆ ತಂದು ನಿಲ್ಲಿಸಿತು. ಇದು ಕೋಶಗಳ ಬೆಳವಣಿಗೆಗೆ ಕಡಿವಾಣದಂತೆ ಕೆಲಸ ಮಾಡುವ ಜೀನ್. ಮನುಷ್ಯರ ಕೆಲವು ಕ್ಯಾನ್ಸರುಗಳಲ್ಲಿಯೂ ಇದರ ಹೆಸರು ಬರುತ್ತದೆ. ಆ ಅಧ್ಯಯನದ ಪ್ರಕಾರ ಶೇ. 80ಕ್ಕಿಂತ ಹೆಚ್ಚು ಲೆಮನ್ ಫ್ರಾಸ್ಟ್ ಗೆಕ್ಕೊಗಳಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗೆ ಗಡ್ಡೆಗಳು ಹುಟ್ಟುತ್ತವೆ. ಕಡಿವಾಣ ಸಡಿಲವಾದುದರಿಂದ ಬಿಳಿ ಕೋಶಗಳು ಹೆಚ್ಚಿದವು, ಹೆಚ್ಚಿದ್ದರಿಂದ ಬಣ್ಣ ಬಂತು, ಹೆಚ್ಚುವುದು ನಿಲ್ಲದಿದ್ದಾಗ ಗಡ್ಡೆಯಾಯಿತು. ನೀವು ಕೊಟ್ಟ ಆಹಾರದಿಂದಾಗಲಿ, ಆರೈಕೆಯ ತಪ್ಪಿನಿಂದಾಗಲಿ ಈ ಗಂಟು ಬಂದದ್ದಲ್ಲ ಎಂದು ನಿಮಗೆ ಹೇಳಲೇಬೇಕು, ಏಕೆಂದರೆ ನಿಮ್ಮ ಪತ್ರದ ಸಾಲುಗಳ ನಡುವೆ ಆ ಅಳುಕು ನನಗೆ ಕಂಡಿತು.

ಇದನ್ನು ಓದಿ ಎಲ್ಲ ಬಣ್ಣದ ಗೆಕ್ಕೊಗಳೂ ರೋಗಿಷ್ಟ ಎಂದು ಯಾರೂ ಭಾವಿಸಬಾರದು. ಟ್ರೆಂಪರ್ ಆಲ್ಬಿನೋ, ಮ್ಯಾಕ್ ಸ್ನೋ, ಬ್ಲಿಜರ್ಡ್ ಮುಂತಾದವು ಸರಿಯಾಗಿ ಸಾಕಿದರೆ ಹದಿನೈದು ವರ್ಷ ದಾಟಿ ಬಾಳುತ್ತವೆ. ಆಲ್ಬಿನೋಗೆ ಕಣ್ಣು ಕುಕ್ಕದಂತೆ ಮಂದ ಬೆಳಕು ಬೇಕು, ಅಷ್ಟೆ. ಇನ್ನೊಂದು ಕಡೆ 2006ರ ಸುಮಾರಿಗೆ ಬಂದ ಎನಿಗ್ಮಾ ಎಂಬ ಮಾರ್ಫ್ ಇದೆ. ಅದರಲ್ಲಿ ಅನೇಕವು ಕತ್ತು ವಾಲಿಸಿಕೊಂಡು ಒಂದೇ ಕಡೆಗೆ ಸುತ್ತುತ್ತವೆ, ಎದುರಿಗಿರುವ ಹುಳುವನ್ನು ಹಿಡಿಯಲು ಹೋಗಿ ಗುರಿ ತಪ್ಪುತ್ತವೆ. ವರ್ಣಕೋಶಗಳೂ ನರಮಂಡಲದ ಹಲವು ಕೋಶಗಳೂ ಭ್ರೂಣದಲ್ಲಿ ಒಂದೇ ಅಂಗಾಂಶದಿಂದ ಕವಲೊಡೆಯುವುದರಿಂದ, ಬಣ್ಣವನ್ನು ಬದಲಿಸಿದ ಜೀನ್ ನರಗಳನ್ನೂ ಬಾಧಿಸಿದರೆ ಆಶ್ಚರ್ಯವಿಲ್ಲ. ಆದುದರಿಂದ ಹೊಸ ಬಣ್ಣದ ಪ್ರಾಣಿಯನ್ನು ಕೊಳ್ಳುವ ಮೊದಲು ಅದರ ಐದು ವರ್ಷದ ಅಜ್ಜ, ಅಜ್ಜಿಯರು ಹೇಗಿದ್ದಾರೆ ಎಂದು ಕೇಳಿ ಎಂದು ನನ್ನಲ್ಲಿಗೆ ಬರುವ ಹುಡುಗರಿಗೆ ಹೇಳುತ್ತೇನೆ. ಮರಿಯ ಚಿತ್ರ ಎಲ್ಲರೂ ತೋರಿಸುತ್ತಾರೆ.

ಮಳೆಗಾಲದಲ್ಲಿ ಬಣ್ಣ ಮಂಕಾದದ್ದು ಬೇರೆ ವಿಷಯ, ಅದು ಹೆಚ್ಚಾಗಿ ಚಳಿಯಿಂದ ಮತ್ತು ಪೊರೆಯಿಂದ. ಪೊರೆ ಬಿಡುವ ಒಂದೆರಡು ದಿನ ಮೊದಲು ಗೆಕ್ಕೊದ ಮೈ ಬೂದಿ ಬಳಿದಂತೆ ಆಗುತ್ತದೆ. ತೀರ್ಥಹಳ್ಳಿಯ ಆಷಾಢದಲ್ಲಿ ಮನೆಯೊಳಗೂ ಇಪ್ಪತ್ತೆರಡು, ಇಪ್ಪತ್ಮೂರು ಡಿಗ್ರಿಗಿಂತ ಮೇಲೇರದ ದಿನಗಳಿರುತ್ತವೆ, ಬಟ್ಟೆ ವಾರವಾದರೂ ಒಣಗುವುದಿಲ್ಲ; ಒಣನಾಡಿನ ಈ ಪ್ರಾಣಿಗೆ ಪೆಟ್ಟಿಗೆಯ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕೇ ಬೇಕು, ಇನ್ನೊಂದು ತುದಿ 25 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬಿಸಿ ಸಾಲದಿದ್ದರೆ ತಿಂದ ಹುಳು ಜೀರ್ಣವಾಗುವುದಿಲ್ಲ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ನಾವು ಕೊಡುವ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಳಿಮಳೆಗೆ ದಿನಗಟ್ಟಲೆ ಕರೆಂಟ್ ಹೋದಾಗ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಬಚ್ಚಲ ಒಲೆಯ ಪಕ್ಕ ಇಡಬೇಡಿ, ಹೊಗೆ ಅದರ ಶ್ವಾಸಕೋಶಕ್ಕೆ ಕೆಟ್ಟದ್ದು. ಇನ್ನೊಂದು ಮಾತು: ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಡಿಕೆ ತೋಟದ ಮಿಡತೆಗಳನ್ನು, ಜಿರಳೆ ಔಷಧಿ ಹಾಕಿದ ಮನೆಯ ಜಿರಳೆಗಳನ್ನು ಹಿಡಿದು ತಿನ್ನಿಸಬೇಡಿ.

ಚಿಕಿತ್ಸೆಯಲ್ಲಿ ನಿಮ್ಮ ಮುಂದಿರುವ ದಾರಿಗಳು ಹೆಚ್ಚಿಲ್ಲ. ಗಡ್ಡೆಯನ್ನು ಕರಗಿಸುವ ಮಾತ್ರೆಯಾಗಲಿ ಮುಲಾಮಾಗಲಿ ಇಲ್ಲ. ಯಾರಾದರೂ ಹೇಳಿದರೆಂದು ಸುಣ್ಣ, ಅರಿಶಿನ, ಬೇವಿನೆಣ್ಣೆ ಹಚ್ಚಿದರೆ ಆ ತೆಳು ಚರ್ಮ ಹುಣ್ಣಾಗುವುದು ಮಾತ್ರ ಖಚಿತ. ಹೊಟ್ಟೆಯಡಿಯ ಐದು ಗಂಟುಗಳು ಹುಣ್ಣಾಗದೆ, ನಡೆಯಲು ತೊಡಕಾಗದೆ ಇರುವವರೆಗೆ ಅವುಗಳನ್ನು ಮುಟ್ಟದೆ ಕಾಯುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಡುಗೆಮನೆಯ ತಕ್ಕಡಿಯನ್ನು ಹಲ್ಲಿಗೆಂದೇ ಬೇರೆ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ, ತಿಂಗಳಿಗೊಮ್ಮೆ ಅದೇ ನಾಣ್ಯವನ್ನಿಟ್ಟು ಚಿತ್ರ ತೆಗೆಯಿರಿ.

ರೆಪ್ಪೆಯ ಗಂಟಿನ ವಿಷಯದಲ್ಲಿ ನಾನು ಕಾಯುವುದಿಲ್ಲ. ಗೋಡೆಹಲ್ಲಿಗಿಲ್ಲದ, ಮುಚ್ಚಿ ತೆರೆಯುವ ರೆಪ್ಪೆ ಲೆಪರ್ಡ್ ಗೆಕ್ಕೊಗಿದೆ; ಅದರ ಅಂಚಿನಲ್ಲಿ ಗಂಟು ಬೆಳೆದರೆ ರೆಪ್ಪೆ ಮುಚ್ಚಲಾಗದೆ ಕಣ್ಣು ಒಣಗಿ ಹುಣ್ಣಾಗುತ್ತದೆ, ಬೇಟೆ ಕಾಣದೆ ಆಹಾರ ಬಿಡುತ್ತದೆ. ಗಂಟು ಈಗಿರುವಷ್ಟು ಸಣ್ಣದಿರುವಾಗಲೇ ತೆಗೆದರೆ ರೆಪ್ಪೆಯನ್ನು ಉಳಿಸಬಹುದು. ಐವತ್ತೆಂಟು ಗ್ರಾಂನ ಪ್ರಾಣಿಗೆ ಅರಿವಳಿಕೆ ಕೊಡುವುದರಲ್ಲಿ ಅಪಾಯವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆಯಲ್ಲಿ ಅಪಾಯ ಕಡಿಮೆ, ಆದರೂ ಎಚ್ಚರವಾಗದೆ ಉಳಿದ ಪ್ರಾಣಿಗಳನ್ನು ನಾನು ನೋಡಿದ್ದೇನೆ. ಸರೀಸೃಪದ ಗಾಯ ನಿಧಾನವಾಗಿ ಮಾಯುವುದರಿಂದ ಹೊಲಿಗೆಗಳನ್ನು ಆರು ವಾರದವರೆಗೆ ಬಿಡಬೇಕಾಗುತ್ತದೆ, ಅಷ್ಟು ದಿನ ಮರಳು ತೆಗೆದು ಕಾಗದ ಹಾಸಬೇಕು. ಸಾಗರದ ಕಾಲೇಜು ಹುಡುಗಿಯೊಬ್ಬಳ ಗೆಕ್ಕೊಗೆ ಇದೇ ಶಸ್ತ್ರಚಿಕಿತ್ಸೆ ಮಾಡಿದ್ದೆ. ಕಣ್ಣು ಚೆನ್ನಾಗಿ ಉಳಿಯಿತು. ನಾಲ್ಕು ತಿಂಗಳ ನಂತರ ದವಡೆಯ ಕೆಳಗೆ ಹೊಸ ಗಂಟು ಬಂತು. ಆದರೂ ಅದು ಮುಂದೆ ಒಂದೂವರೆ ವರ್ಷ ಹುಳು ಹಿಡಿದು ತಿಂದು ಓಡಾಡಿಕೊಂಡಿತ್ತು, ಹೀಗಾಗಿ ಆ ಶಸ್ತ್ರಚಿಕಿತ್ಸೆ ವ್ಯರ್ಥ ಎಂದು ನಾನೂ ಆಕೆಯೂ ಅಂದುಕೊಂಡಿಲ್ಲ.

ಗಡ್ಡೆ ಒಳಗಿನ ಅಂಗಗಳಿಗೆ ಹರಡಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಬಾಲ ತೆಳುವಾಗುತ್ತಾ ಬಂದು, ತೂಕ ವಾರದಿಂದ ವಾರಕ್ಕೆ ಇಳಿದು, ಬಿಸಿ ಸರಿಯಿದ್ದರೂ ಆಹಾರ ಮುಟ್ಟದಿದ್ದರೆ ಆಗ ನೋವಿಲ್ಲದ ದಯಾಮರಣದ ಮಾತನ್ನು ನಾನೇ ಎತ್ತುತ್ತೇನೆ. ತಣ್ಣಗಾದರೆ ನಿದ್ದೆಯಲ್ಲೇ ಹೋಗುತ್ತದೆ ಎಂದು ಹಲ್ಲಿಯನ್ನು ಫ್ರೀಜರಿನಲ್ಲಿಡುವವರಿದ್ದಾರೆ. ಅದು ಹಾಗೆ ಹೋಗುವುದಿಲ್ಲ, ಯಾತನೆಪಡುತ್ತದೆ. ಅಂಥ ದಿನ ಬಂದರೆ ಯಾವುದೇ ಹೊತ್ತಿನಲ್ಲಾದರೂ ಪಶುವೈದ್ಯರ ಬಳಿ ತನ್ನಿ.

ಮಗನ ಆಸೆಗೆ ನನ್ನ ಉತ್ತರ, ಬೇಡ ಎಂಬುದೇ. ಲೆಮನ್ ಫ್ರಾಸ್ಟ್ ಗುಣ ಕಾಣಿಸಲು ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ನಿಮ್ಮ ಹೆಣ್ಣಿಗೆ ಆ ಜೀನಿನ ಒಂದು ಪ್ರತಿ ಇದೆಯೆಂದುಕೊಂಡರೆ, ಹತ್ತು ಮರಿಗಳಾದಾಗ ಸರಾಸರಿ ಐದಕ್ಕೆ ಅದೇ ಬಣ್ಣವೂ ಅದೇ ಅಪಾಯವೂ ಬರುತ್ತದೆ. ಆಲ್ಬಿನೋ ಗಂಡನ್ನು ತಂದರೂ ಈ ಲೆಕ್ಕ ಬದಲಾಗುವುದಿಲ್ಲ. ಆಲ್ಬಿನೋ ಗುಣಕ್ಕೆ ಎರಡು ಪ್ರತಿ ಬೇಕಾದ್ದರಿಂದ, ನಿಮ್ಮ ಹೆಣ್ಣು ಅದನ್ನು ಹೊತ್ತಿರದಿದ್ದರೆ, ಮರಿಗಳೆಲ್ಲ ಅದನ್ನು ಒಳಗೆ ಹೊತ್ತುಕೊಂಡಿರುತ್ತವೆಯೇ ಹೊರತು ಒಂದೂ ಆಲ್ಬಿನೋ ಆಗಿ ಕಾಣುವುದಿಲ್ಲ. ಎರಡು ಲೆಮನ್ ಫ್ರಾಸ್ಟ್‌ಗಳನ್ನು ಕೂಡಿಸಿದರಂತೂ ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿ ಬಂದು ಚರ್ಮವೇ ದಪ್ಪವಾಗಿ ಬೆಳೆಯುತ್ತದೆ. ಗಡ್ಡೆಯಿಲ್ಲದ ಸಾಲನ್ನು ಆರಿಸಿ ಬೆಳೆಸಿದ್ದೇವೆ ಎಂದು ಮಾರುವವರಿದ್ದಾರೆ. ಬಣ್ಣ ಕೊಡುವ ಜೀನೇ ಗಡ್ಡೆಯ ಜೀನೂ ಆಗಿರುವಾಗ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಈವರೆಗೆ ಯಾರಿಗೂ ಆಗಿಲ್ಲ. ಈ ಮಾರ್ಫನ್ನು ಬೆಳೆಸುತ್ತಿದ್ದ ತಳಿಗಾರರೊಬ್ಬರೇ ಅದನ್ನು ಬೆಳೆಸುವುದನ್ನು ನಿಲ್ಲಿಸಿದರು ಎಂಬುದನ್ನು ಮಗನಿಗೆ ತಿಳಿಸಿ. ಮೊಟ್ಟೆ ಕಟ್ಟುವ ಶ್ರಮವೂ ಕಾಯಿಲೆಯ ಹೆಣ್ಣಿಗೆ ಹೊರೆ. ಇನ್ನು ಮುಂದೆ ಮಗ ಯಾವುದೇ ಗೆಕ್ಕೊ ಕೊಂಡರೂ ರಸೀದಿ ಇಟ್ಟುಕೊಳ್ಳಲಿ: ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ, ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕಾಗಿದೆ, ಯಾವುದಕ್ಕೆ ಅನ್ವಯಿಸುತ್ತದೆ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳುವುದು ಕ್ಷೇಮ.

ಶಿವಮೊಗ್ಗಕ್ಕೆ ಕರೆತರುವುದಾದರೆ ಮಂಡಗದ್ದೆಯ ದಾರಿಯ ಆ ಅರವತ್ತು ಕಿಲೋಮೀಟರ್ ಪ್ರಯಾಣಕ್ಕೆ ಗಾಳಿತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆಯ ಹತ್ತಿಬಟ್ಟೆ ಹಾಸಿ, ಡಬ್ಬಿಯ ಹೊರಗೆ ಒಂದು ಬದಿಗೆ ಮಾತ್ರ ಬೆಚ್ಚನೆಯ ಬಾಟಲಿ ಒತ್ತಿಟ್ಟು ತನ್ನಿ. ಹೊರಡುವ ಹಿಂದಿನ ಎರಡು ದಿನ ಹುಳು ಕೊಡಬೇಡಿ, ನೀರು ಇರಲಿ. ಯುಗಾದಿಯಿಂದ ಇಲ್ಲಿಯವರೆಗಿನ ಚಿತ್ರಗಳನ್ನೂ, ತೂಕ ಬರೆದ ಚೀಟಿಯನ್ನೂ ಜೊತೆಗೆ ತನ್ನಿ. ರೆಪ್ಪೆಯ ಗಂಟು ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನು ಅವುಗಳಿಂದಲೇ ಅಳೆಯಬೇಕು.